ಡಮ್ಮಿ ಬಿಚ್ಚುವ ಮುನ್ನ

ಇಸ್ಪೀಟಿನ ವಿಷಯ ಬಂದಾಗಲೆಲ್ಲ ನಮ್ಮ ಸಮಾಜವೂ ನಮ್ಮ ಕಾನೂನೂ ಕೇಳುವುದು ಒಂದೇ ಪ್ರಶ್ನೆ: ಇದು ಬುದ್ಧಿಯ ಆಟವೋ, ನಸೀಬಿನ ಆಟವೋ? ಅಂದರ್ ಬಾಹರ್ ಅಡ್ಡೆಯ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಶಿರಗುಪ್ಪಿ, ಕಾಗವಾಡ, ಅಥಣಿ, ರಾಯಬಾಗ ಕಡೆಯ ಪತ್ರಿಕೆ ಓದುಗರಿಗೆ ಹೊಸದೇನಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅದನ್ನು ಜೂಜು ಎಂದು ಹಿಡಿಯುತ್ತದೆ. ಅದೇ ಕಾಯ್ದೆಯ 176ನೇ ಕಲಂ ಕೌಶಲದ ಆಟವನ್ನು ಹೊರಗಿಡುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಹಣ ಕಟ್ಟಿ ಆಡಿದರೆ ಕೌಶಲದ ಆಟವೂ ಅಪರಾಧವೇ ಎಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದುಪಡಿಸಿತು. ಈ ಎಲ್ಲ ವಾದವಿವಾದದ ಬೇರು ಇರುವುದು ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ. ರಮ್ಮಿ ಮುಖ್ಯವಾಗಿ ಕೌಶಲದ ಆಟ, ಅದರಲ್ಲಿರುವ ಅದೃಷ್ಟ ಬ್ರಿಜ್ ಆಟದಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದ್ದೇ ಎಂದು ನ್ಯಾಯಾಲಯ ಹೇಳಿತು. ಅಂದರೆ ರಮ್ಮಿಯನ್ನು ಅಳೆಯಲು ಬ್ರಿಜ್ ಅಳತೆಗೋಲಾಯಿತು. ಅಳತೆಗೋಲನ್ನೇ ಅಳೆದು ನೋಡುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ. ಬ್ರಿಜ್ ಬುದ್ಧಿವಂತರ ಆಟ ಎಂಬುದನ್ನು ಎಲ್ಲರೂ ಒಪ್ಪಿಕೊಂಡೇ ಮುಂದೆ ಸಾಗಿದರು. ಅಳೆಯಬೇಕೆಂದರೆ, ಅದೃಷ್ಟದ ಕೈ ಎಲ್ಲಿ ಅತಿ ಬಲವಾಗಿದೆಯೋ ಅಲ್ಲೇ ಅಳೆಯಬೇಕು. ಬ್ರಿಜ್ಜಿನಲ್ಲಿ ಆ ಜಾಗ ಮೊದಲ ಎಲೆ. ಅಲ್ಲಿ ಕೌಶಲ ಉಳಿದರೆ ಆಟದ ಉಳಿದ ಭಾಗದ ಬಗ್ಗೆ ತಕರಾರೇ ಇರುವುದಿಲ್ಲ. ಉಳಿಯುತ್ತದೆ ಎಂಬುದು ನನ್ನ ವಾದ. ಆದರೆ ಅದು ಉಳಿಯುವ ರೀತಿ ಕೋರ್ಟುಗಳು ಅಂದುಕೊಂಡ ರೀತಿಯಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದ ಕಾಂಟ್ರ್ಯಾಕ್ಟ್ ಬ್ರಿಜ್ಜಿನಲ್ಲಿ ನಾಲ್ವರು ಆಡುತ್ತಾರೆ, ಎದುರುಬದುರು ಕೂತವರು ಜೊತೆಗಾರರು. 52 ಎಲೆ, ತಲಾ 13. ಎಲೆ ಇಳಿಸುವ ಮೊದಲು ಹರಾಜು ನಡೆಯುತ್ತದೆ: ಹದಿಮೂರು ಸುತ್ತುಗಳಲ್ಲಿ, ಅಂದರೆ ಹದಿಮೂರು ಟ್ರಿಕ್ಕುಗಳಲ್ಲಿ, ನಾವು ಇಷ್ಟು ಗೆಲ್ಲುತ್ತೇವೆ, ಇಂಥ ಜಾತಿ ತುರುಫು, ಅಥವಾ ತುರುಫೇ ಬೇಡ ಎಂದು ಎರಡೂ ಜೋಡಿಗಳು ಕೂಗುತ್ತಾ ಹೋಗುತ್ತವೆ. ಕೊನೆಯ ಕೂಗು ಕರಾರಾಗುತ್ತದೆ. ಅದನ್ನು ಪೂರೈಸುವ ಹೊಣೆ ಹೊತ್ತವನು ಡಿಕ್ಲೇರರ್. ಅವನ ಎಡಕ್ಕೆ ಕೂತ ಎದುರಾಳಿ ಮೊದಲ ಎಲೆ ಇಳಿಸಬೇಕು. ಅದು ಇಳಿದ ಮೇಲಷ್ಟೇ ಡಿಕ್ಲೇರರನ ಜೊತೆಗಾರ ತನ್ನ ಹದಿಮೂರೂ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಡುತ್ತಾನೆ. ಆ ಬಿಚ್ಚಿದ ಕೈಗೆ ಡಮ್ಮಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಪ್ರತಿಯೊಬ್ಬನಿಗೂ ಕಾಣುವುದು 26 ಎಲೆ. ಮೊದಲ ಎಲೆ ಇಳಿಸುವವನಿಗೆ ಮಾತ್ರ ಆ ಭಾಗ್ಯವಿಲ್ಲ. ಅವನು ತನ್ನ 13 ನೋಡಿ ಉಳಿದ 39ನ್ನು ಊಹಿಸಬೇಕು.

ಈ ಕತ್ತಲೆ ಎಷ್ಟು ದಟ್ಟ ಎಂಬುದಕ್ಕೆ ಲೆಕ್ಕವಿದೆ. ಕಾಣದ 39 ಎಲೆಗಳು ಮೂವರ ಕೈಯಲ್ಲಿ ಹಂಚಿಕೆಯಾಗಬಹುದಾದ ಬಗೆಗಳು ಸುಮಾರು 84 ಸಾವಿರ ಲಕ್ಷ ಕೋಟಿ. ಡಮ್ಮಿ ಬಿಚ್ಚಿದ ಕೂಡಲೇ ಆ ಸಂಖ್ಯೆ 1,04,00,600ಕ್ಕೆ ಇಳಿಯುತ್ತದೆ. ಒಂದು ಕೋಟಿ ಚಿಲ್ಲರೆಯೂ ಸಣ್ಣದಲ್ಲ, ನಿಜ. ಆದರೆ ಮೊದಲಿನದಕ್ಕೆ ಹೋಲಿಸಿದರೆ ಅದು ಎಂಟು ನೂರು ಕೋಟಿಯಲ್ಲಿ ಒಂದು ಪಾಲು. ಇಡೀ ಆಟದಲ್ಲಿ ಅತಿ ಕಡಿಮೆ ತಿಳಿವಳಿಕೆಯಿಂದ ಮಾಡುವ ತೀರ್ಮಾನ ಇದು, ಮತ್ತು ಎಷ್ಟೋ ಸಲ ಇಡೀ ಕರಾರಿನ ಹಣೆಬರಹ ನಿರ್ಧರಿಸುವುದೂ ಇದೇ. ಇಳಿದ ಎಲೆಯನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ. ಬ್ರಿಜ್ ಬರೀ ನಸೀಬು ಎನ್ನುವವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ ಎನಿಸಬಹುದು.

ಆದರೆ ಆ 84 ಸಾವಿರ ಲಕ್ಷ ಕೋಟಿ ಹಂಚಿಕೆಗಳೆಲ್ಲವೂ ಒಂದೇ ತೂಕದವಲ್ಲ. ಹರಾಜು ಮುಗಿದಿದೆ, ಮೂವರೂ ಮಾತಾಡಿದ್ದಾರೆ, ಸುಮ್ಮನಿದ್ದವರೂ ಸುಮ್ಮನಿದ್ದೇ ಏನೋ ಹೇಳಿದ್ದಾರೆ. ಒಂದು ಕೈ ಹಿಡಿದು ನೋಡೋಣ. ಗಡಿ ಭಾಗದಲ್ಲಿ ಮರಾಠಿ ಮಾತಿನ ಒಡನಾಟದಿಂದ ಬಂದ ಹೆಸರುಗಳಲ್ಲೇ ಹೇಳುವುದಾದರೆ, ಮೊದಲ ಎಲೆ ಇಳಿಸುವವನ ಕೈಯಲ್ಲಿ ಇಸ್ಪೀಕಿನ ಗುಲಾಮ, 10, 3. ಬದಾಮಿನ, ಅಂದರೆ ಆಟಿನ್ನಿನ 8, 4. ಚೌಕಟ್ ಅಥವಾ ಡೈಮನ್ನಿನ ರಾಜ, 9, 6, 3. ಕಿಲವರಿನ, ಅಂದರೆ ಕಳಾವರಿನ ರಾಣಿ, 7, 5, 2 ಇವೆ ಎನ್ನಿ. ಡಿಕ್ಲೇರರ್ ಆರಂಭದಲ್ಲೇ ‘ಒಂದು ನೋಟ್ರಂಪ್’ ಎಂದ, ಅವನ ಜೊತೆಗಾರ ನೇರವಾಗಿ ‘ಮೂರು ನೋಟ್ರಂಪ್’ ಎಂದ, ಹರಾಜು ಅಲ್ಲಿಗೇ ನಿಂತಿತು. ತುರುಫು ಇಲ್ಲದೆ ಒಂಬತ್ತು ಟ್ರಿಕ್ ಗೆಲ್ಲುವ ಕರಾರು ಅದು. ಅಜ್ಜಂದಿರ ಕಾಲದಿಂದ ಬಂದ ಸೂತ್ರವಿದೆ: ನಿನ್ನ ಉದ್ದದ, ಗಟ್ಟಿ ಜಾತಿಯಿಂದ ಮೇಲಿನಿಂದ ನಾಲ್ಕನೆಯ ಎಲೆ ಇಳಿಸು. ಅದರ ಪ್ರಕಾರ ಇಲ್ಲಿ ಚೌಕಟ್ 3 ಇಳಿಯಬೇಕು. ಯೋಚಿಸುವ ಆಟಗಾರ ಮೊದಲು ಹರಾಜನ್ನು ಮತ್ತೆ ಮನಸ್ಸಿನಲ್ಲಿ ಓದುತ್ತಾನೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಇಡೀ ಕಟ್ಟಿನಲ್ಲಿ 40 ಅಂಕ. ಡಿಕ್ಲೇರರ್ ಕೂಗಿದ್ದು ಸಾಮಾನ್ಯ ಪದ್ಧತಿಯಲ್ಲಿ 15ರಿಂದ 17ರ ಕೈ. ಇಬ್ಬರೂ ಸೇರಿ 26ರ ಆಸುಪಾಸು. ತನ್ನಲ್ಲಿ 6. ಹಾಗಾದರೆ ಎದುರು ಕೂತ ತನ್ನ ಜೊತೆಗಾರನಲ್ಲಿ 8ರ ಹತ್ತಿರ ಇರಬೇಕು, ಆತ ಬರಿಗೈಯವನಲ್ಲ. ಎರಡನೆಯ ಸಂಗತಿ ಇನ್ನೂ ಮುಖ್ಯ. ಡಮ್ಮಿಯ ಕೈಯಲ್ಲಿ ಇಸ್ಪೀಕಿನದೋ ಬದಾಮಿನದೋ ನಾಲ್ಕು ಎಲೆ ಇದ್ದಿದ್ದರೆ ಆತ ಸ್ಟೇಮನ್ ಎಂಬ ಕೂಗಿನಿಂದ ಅದನ್ನು ವಿಚಾರಿಸಿಕೊಳ್ಳುತ್ತಿದ್ದ. ವಿಚಾರಿಸಲಿಲ್ಲ. ಆದ್ದರಿಂದ ಆತನ ಎಲೆಗಳು ಬಹುಮಟ್ಟಿಗೆ ಚೌಕಟ್ ಮತ್ತು ಕಿಲವರಿನಲ್ಲಿವೆ, ತಾನು ಇಳಿಸಹೊರಟ ಚೌಕಟ್ ಅವನ ಮನೆಗೇ ಹೋಗುತ್ತದೆ. ಇಸ್ಪೀಕಿನಲ್ಲಿ ತನ್ನ ಮೂರು, ಡಮ್ಮಿಯಲ್ಲಿ ಮೂರೋ ಎರಡೋ, ಡಿಕ್ಲೇರರನಲ್ಲಿ ಮೂರರ ಸುತ್ತ. ಉಳಿದ ನಾಲ್ಕೋ ಐದೋ ತನ್ನ ಜೊತೆಗಾರನ ಕೈಯಲ್ಲಿರುವ ಸಂಭವವೇ ಹೆಚ್ಚು. ಬದಾಮಿನಲ್ಲೂ ಜೊತೆಗಾರ ಉದ್ದವಿರಬಹುದು, ಆದರೆ ಅಲ್ಲಿ ತನ್ನ ಎರಡು ಚಿಕ್ಕ ಎಲೆಗಳಿಂದ ಅವನಿಗೆ ಸಿಗುವ ನೆರವು ಕಡಿಮೆ. ಆತ ಇಸ್ಪೀಕಿನ ಗುಲಾಮ ಇಳಿಸುತ್ತಾನೆ. ತಪ್ಪಾಗಬಹುದು. ಡಿಕ್ಲೇರರನ ಕೈಯಲ್ಲೇ ಇಸ್ಪೀಕಿನ ಎಕ್ಕ, ರಾಜ, ರಾಣಿ ಮೂರೂ ಇದ್ದುಬಿಡಬಹುದು. ಆದರೂ ಅವನು ಎಸೆದದ್ದು ದಾಳವಲ್ಲ.

ಹರಾಜಿಲ್ಲದ ಆಟಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮಹಾರಾಷ್ಟ್ರದಲ್ಲಿ ಜನಪ್ರಿಯವಾದ ಮೆಂಡಿಕೋಟಿನಲ್ಲೂ ನಾಲ್ವರು, ಎರಡು ಜೋಡಿ, ತಲಾ 13 ಎಲೆ. ನಾಲ್ಕು ಹತ್ತುಗಳನ್ನು ಹಿಡಿಯುವುದೇ ಗುರಿ. ಅದರ ಒಂದು ಬಗೆಯಲ್ಲಿ ಹುಕುಂ, ಅಂದರೆ ತುರುಫು, ಯಾವುದೆಂದು ಆಟ ಶುರುವಾಗುವಾಗ ಯಾರಿಗೂ ಗೊತ್ತಿರುವುದಿಲ್ಲ; ಇಳಿದ ಜಾತಿ ಕೈಯಲ್ಲಿಲ್ಲದವನು ಮೊದಲ ಸಲ ಹಾಕಿದ ಬೇರೆ ಜಾತಿಯೇ ಹುಕುಂ ಆಗುತ್ತದೆ. ಅಲ್ಲಿ ಮೊದಲ ಎಲೆ ಇಳಿಸುವವನು ನಿಜಕ್ಕೂ ತನ್ನ ಹದಿಮೂರನ್ನಷ್ಟೇ ಬಲ್ಲ, ಯಾರೂ ಏನೂ ಹೇಳಿರುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಗಂಜಿಫಾ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಇವತ್ತಿಗೂ ಬರೆಯುವ ದಶಾವತಾರ ಗಂಜಿಫಾದಲ್ಲಿ ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡರಂತೆ 120 ಎಲೆ. ಹಗಲಲ್ಲಿ ಆಡಿದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವನು ಆಟ ಆರಂಭಿಸಬೇಕು, ಇರುಳಾದರೆ ಕೃಷ್ಣನ ರಾಜ ಇದ್ದವನು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳನ್ನು ‘ಶ್ರೀತತ್ತ್ವನಿಧಿ’ಯಲ್ಲಿ ಸೇರಿಸುವಷ್ಟು ಆಸ್ಥೆಯಿಂದ ಬೆಳೆಸಿದ್ದರು. ಗಂಜಿಫಾದ ಕೌಶಲ ಇಳಿದ ಎಲೆಗಳನ್ನು ನೆನಪಿಡುವುದರಲ್ಲಿದೆ, ಆರಂಭ ಸೂರ್ಯನಿಗೆ ಬಿಟ್ಟದ್ದು. ಒಂದರಲ್ಲಿ ಆರಂಭ ನಿಯಮದ ಪಾಲು, ಇನ್ನೊಂದರಲ್ಲಿ ಕುರುಡು ಊಹೆಯ ಪಾಲು. ಬ್ರಿಜ್ ಅದನ್ನು ವಾದದ ಪಾಲಿಗೆ ತಂದಿತು: ಮೊದಲು ಮಾತು, ಆಮೇಲೆ ಎಲೆ. ಒಂದೇ ಹಂಚಿಕೆಯನ್ನು ಬೇರೆಬೇರೆ ಮೇಜುಗಳಲ್ಲಿ ಆಡಿಸುವ ಡೂಪ್ಲಿಕೇಟ್ ಬ್ರಿಜ್ಜಿನ ನಿಯಮಾವಳಿಯೇ ಇದಕ್ಕೆ ಪುರಾವೆ. ಅದರಂತೆ ಮೊದಲ ಎಲೆಯನ್ನು ಬೋರಲಾಗಿ ಇಡಬೇಕು. ಎದುರಾಳಿಯ ಕೂಗಿನ ಅರ್ಥವೇನು ಎಂದು ಜೊತೆಗಾರ ಕೇಳಿ ತಿಳಿದುಕೊಂಡ ಮೇಲೆ ಅದನ್ನು ಮಗುಚಬೇಕು. ಎದುರಾಳಿಯ ಗುಪ್ತ ಒಪ್ಪಂದ ಎಂಬುದು ಇಲ್ಲಿ ಇರಕೂಡದು, ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಊಹೆ ಬರಿಯ ಊಹೆಯಾಗಿದ್ದರೆ ಇಷ್ಟೆಲ್ಲ ಕಟ್ಟುಪಾಡು ಯಾಕೆ ಬೇಕಿತ್ತು?

ಎದುರು ಪಕ್ಷದ ನಡವಳಿಕೆಯೂ ಇದನ್ನೇ ಹೇಳುತ್ತದೆ. ಪಳಗಿದ ಜೋಡಿಗಳು ಎಷ್ಟೋ ಸಲ ತಮ್ಮ ಕೈಯ ವಿವರವನ್ನು ನಿಧಾನವಾಗಿ ಹಂಚಿಕೊಂಡು ಒಳ್ಳೆಯ ಕರಾರು ಹುಡುಕುವುದನ್ನು ಬಿಟ್ಟು, ಒಂದೇ ನೆಗೆತಕ್ಕೆ ಮೂರು ನೋಟ್ರಂಪಿಗೆ ಹೋಗುತ್ತವೆ. ಇದರಿಂದ ಅವರಿಗೂ ನಷ್ಟವಿದೆ. ನಾಲ್ಕು-ನಾಲ್ಕು ಎಲೆಗಳು ಕೂಡುವ ಒಳ್ಳೆಯ ತುರುಫನ್ನು ಅವರು ಕಳೆದುಕೊಳ್ಳಬಹುದು. ಆ ನಷ್ಟವನ್ನು ನುಂಗುವುದು ಮೊದಲ ಎಲೆ ಇಳಿಸುವವನಿಗೆ ಏನೂ ತಿಳಿಯದಿರಲಿ ಎಂದು. ಇನ್ನೊಂದು ಕಡೆ, ಥಿಯೊಡೋರ್ ಲೈಟ್ನರ್ ಹೆಸರಿನ ಡಬಲ್ ಇದೆ: ಎದುರಾಳಿ ಹನ್ನೆರಡೋ ಹದಿಮೂರೋ ಟ್ರಿಕ್ಕಿನ ಸ್ಲ್ಯಾಮ್ ಕೂಗಿದಾಗ, ಮೊದಲ ಎಲೆ ಇಳಿಸದವನು ಡಬಲ್ ಎಂದರೆ, ಮಾಮೂಲಿ ಎಲೆ ಬೇಡ, ಅಪರೂಪದ್ದನ್ನು ಇಳಿಸು ಎಂದು ಜೊತೆಗಾರನಿಗೆ ಹೇಳಿದಂತೆ. ಕರಾರು ಈಡೇರಿದರೆ ಎದುರಾಳಿಗೆ ಇನ್ನೂ ಹೆಚ್ಚು ಅಂಕ ಹೋಗುವ ಅಪಾಯ ಹೊತ್ತು ಒಂದು ಎಲೆಯನ್ನು ಕೊಂಡುಕೊಳ್ಳುವ ವ್ಯಾಪಾರ ಅದು. ಬೆಲೆ ಇಲ್ಲದ್ದಕ್ಕೆ ಯಾರೂ ಬೆಲೆ ಕೊಡುವುದಿಲ್ಲ.

ಅದೇ ಕೈ, ಅದೇ ಹರಾಜು, ಆದರೂ ಸರಿಯಾದ ಎಲೆ ಬೇರೆಯಾಗಬಹುದು ಎಂಬುದು ನನಗೆ ಇನ್ನೂ ದೊಡ್ಡ ಪುರಾವೆಯಾಗಿ ಕಾಣುತ್ತದೆ. ತಂಡಗಳ ಸ್ಪರ್ಧೆಯಲ್ಲಿ ಒಂದು ಹಂಚಿಕೆಯನ್ನು ಎರಡು ಮೇಜಿನಲ್ಲಿ ಆಡಿ, ಅಂಕಗಳ ವ್ಯತ್ಯಾಸವನ್ನು ಐಎಂಪಿ ಎಂಬ ಮಾನಕ್ಕೆ ಇಳಿಸುತ್ತಾರೆ. ವಲ್ನರಬಲ್ ಇದ್ದಾಗ, ಅಂದರೆ ಗೆಲುವಿನ ಅಂಕವೂ ಸೋಲಿನ ದಂಡವೂ ಹೆಚ್ಚಿರುವ ಸರದಿಯಲ್ಲಿ, ಮೂರು ನೋಟ್ರಂಪ್ ಗೆದ್ದರೆ 600, ಒಂದು ಟ್ರಿಕ್ ಹೆಚ್ಚಿಗೆ ಬಂದರೆ 630. ಇನ್ನೊಂದು ಮೇಜಿನಲ್ಲಿ ನಮ್ಮವರು ಅದೇ ಕರಾರು ಆಡಿ 600 ತಂದಿದ್ದಾರೆ ಎನ್ನಿ. ನಮ್ಮ ಸಾಹಸದ ಎಲೆ ಕೈಕೊಟ್ಟು ಎದುರಾಳಿಗೆ ಒಂದು ಟ್ರಿಕ್ ಹೆಚ್ಚು ಸಿಕ್ಕರೆ ವ್ಯತ್ಯಾಸ 30, ಅಂದರೆ 1 ಐಎಂಪಿ ನಷ್ಟ. ಕೈಹಿಡಿದು ಕರಾರು ಒಂದು ಟ್ರಿಕ್ಕಿನಿಂದ ಮುರಿದರೆ ನಮಗೆ 100, ಅಲ್ಲಿನ 600 ಕೂಡಿ 700, ಅಂದರೆ 12 ಐಎಂಪಿ ಲಾಭ. ಹದಿಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚಾಗಿ ಫಲಿಸುವಂತಿದ್ದರೆ ಆ ಸಾಹಸ ಸರಿ. ನೂರರಲ್ಲಿ ತೊಂಬತ್ತು ಸಲ ಸೋಲುವ ಎಲೆಯೇ ಇಲ್ಲಿ ಸರಿಯಾದ ಎಲೆಯಾಗುತ್ತದೆ! ಜೋಡಿಗಳ ಸ್ಪರ್ಧೆಗೆ ಬನ್ನಿ. ಅಲ್ಲಿ ಎಷ್ಟು ಅಂಕದಿಂದ ಮುಂದಿದ್ದೀರಿ ಎನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಮೇಜುಗಳಿಗಿಂತ ಮುಂದಿದ್ದೀರಿ ಎನ್ನುವುದಷ್ಟೇ ಲೆಕ್ಕ. ಒಂದು ಟ್ರಿಕ್ ಬಿಟ್ಟುಕೊಟ್ಟರೆ ಸಭಾಂಗಣದ ಅರ್ಧ ಮೇಜುಗಳ ಹಿಂದೆ ಬೀಳಬಹುದು. ಅಲ್ಲಿ ಅದೇ ಸಾಹಸ ಮೂರ್ಖತನ. ಅದೃಷ್ಟಕ್ಕೆ ಅಂಕದ ಪದ್ಧತಿ ಗೊತ್ತಿರುವುದಿಲ್ಲ. ಗುರಿ ಬದಲಾದಾಗ ಆಯ್ಕೆ ಬದಲಾಗಬೇಕೆಂದು ತಿಳಿಯುವುದು ಬುದ್ಧಿಗೆ ಮಾತ್ರ.

ಇಷ್ಟಾದ ಮೇಲೂ ಸಾಮಾನ್ಯ ಜ್ಞಾನದ ಒಂದು ಆಕ್ಷೇಪ ಹಾಗೇ ನಿಂತಿರುತ್ತದೆ: ಇಷ್ಟು ಯೋಚಿಸಿದವನು ಸೋತ, ಕಣ್ಣುಮುಚ್ಚಿ ಇಳಿಸಿದವನು ಗೆದ್ದ, ನಿಮ್ಮ ಯೋಚನೆಯಿಂದ ಆದದ್ದೇನು? ಒಂದು ಹಂಚಿಕೆಯಲ್ಲಿ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಉತ್ತರ ಇರಬೇಕಾಗಿಯೂ ಇಲ್ಲ. ಅಥಣಿಯ ಮಳೆಯಾಶ್ರಿತ ಹೊಲದಲ್ಲಿ ಹದ ನೋಡಿ ಬಿತ್ತಿದವನ ಬೆಳೆ ಒಂದು ವರ್ಷ ಒಣಗಿತೆಂದು, ಹದ ನೋಡದೆ ಬಿತ್ತಿದವನೇ ಜಾಣ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. ಒಂದು ಎಲೆ ನೂರು ಇಂಥ ಕೈಗಳಲ್ಲಿ ಮೂವತ್ತು ಸಲ ಕರಾರು ಮುರಿಯುತ್ತದೆ, ಇನ್ನೊಂದು ಇಪ್ಪತ್ನಾಲ್ಕು ಸಲ ಎಂದಿಟ್ಟುಕೊಳ್ಳಿ. ಎರಡನೆಯದನ್ನು ಇಳಿಸಿದವನು ಇವತ್ತು ಗೆಲ್ಲುವುದು ಸಹಜ, ನಾಳೆಯೂ ಗೆಲ್ಲಬಹುದು. ಆ ಆರರ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ, ಆಡುತ್ತಾ ಹೋದಂತೆ ಅದು ಮಾತ್ರ ಉಳಿಯುತ್ತದೆ. ಆಟ ಮುಗಿದ ಮೇಲೆ ನಾಲ್ಕೂ ಕೈಗಳನ್ನು ಬಿಚ್ಚಿಟ್ಟು, ‘ಬದಾಮ ಯಾಕೆ ಇಳಿಸಲಿಲ್ಲ’ ಎಂದು ಜೊತೆಗಾರನ ಮೇಲೆ ಹರಿಹಾಯುವ ಚಾಳಿ ಎಲ್ಲ ಕ್ಲಬ್ಬುಗಳಲ್ಲೂ ಇದೆ. 52 ಎಲೆ ನೋಡಿದವನು 13 ನೋಡಿದವನಿಗೆ ಪಾಠ ಹೇಳುವ ಆ ದೃಶ್ಯಕ್ಕಿಂತ ತರ್ಕಹೀನವಾದದ್ದು ಆಟದಲ್ಲಿ ಬೇರೊಂದಿಲ್ಲ.

ಇನ್ನು ಜಾಣ ಆಕ್ಷೇಪ. ಸಂಭವದ ಲೆಕ್ಕವೇ ಎಲ್ಲವೂ ಆದರೆ ಅದನ್ನು ಕಂಪ್ಯೂಟರ್ ಮಾಡಲಿ, ಕೋಷ್ಟಕ ಬಾಯಿಪಾಠ ಮಾಡಿದವನು ಗೆಲ್ಲಲಿ. ಅದರಲ್ಲಿ ಕೌಶಲವೆಲ್ಲಿ ಬಂತು? ಡೇವಿಡ್ ಬರ್ಡ್ ಮತ್ತು ಟಾಫ್ ಆಂಥಿಯಸ್ 2011 ಮತ್ತು 2012ರಲ್ಲಿ ಹೊರತಂದ ಎರಡು ಪುಸ್ತಕಗಳಲ್ಲಿ ಹಾಗೇ ಮಾಡಿದ್ದಾರೆ. ಒಂದು ಕೈ ಮತ್ತು ಒಂದು ಹರಾಜನ್ನು ಹಿಡಿದು, ಅದಕ್ಕೆ ಹೊಂದುವ ಸಾವಿರಾರು ಹಂಚಿಕೆಗಳನ್ನು ಯಂತ್ರದಲ್ಲಿ ಸೃಷ್ಟಿಸಿ, ಯಾವ ಎಲೆ ಎಷ್ಟು ಸಲ ಕರಾರು ಮುರಿಯುತ್ತದೆ ಎಂದು ಎಣಿಸಿದರು. ಹಳೆಯ ಸೂತ್ರಗಳಿಗೆ ಪೆಟ್ಟು ಬಿತ್ತು. ಮೇಲೆ ಹೇಳಿದಂಥ ನೇರ ಮೂರು ನೋಟ್ರಂಪಿನ ಎದುರು ಉದ್ದದ ಚೌಕಟ್‌ಗಿಂತ ಗಿಡ್ಡ ಇಸ್ಪೀಕೋ ಬದಾಮೋ ಎಷ್ಟೋ ಕೈಗಳಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದು ತೋರಿತು. ಇದರಿಂದ ಎರಡು ಸಂಗತಿ ಹೊರಡುತ್ತವೆ. ಒಂದು, ಎಲೆಗಳಲ್ಲಿ ಮೇಲುಕೀಳು ಇದೆ, ಅದನ್ನು ಅಳೆಯಬಹುದು. ಬರೀ ಅದೃಷ್ಟವಾಗಿದ್ದರೆ ಎಲ್ಲ ಎಲೆಗಳೂ ಸಮನಾಗಿ ಬರಬೇಕಿತ್ತು. ಎರಡು, ಗಾದೆಯಂತೆ ಬಾಯಿಗೆ ಬರುವ ಸೂತ್ರ ಕೌಶಲವಲ್ಲ. ಆದರೆ ಯಂತ್ರದ ತೀರ್ಪನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆ ಲೆಕ್ಕದಲ್ಲಿ ಡಿಕ್ಲೇರರ್ ನಾಲ್ಕೂ ಕೈ ನೋಡಿಕೊಂಡು ಆಡುತ್ತಾನೆ, ಕಳೆದುಹೋದ ರಾಣಿ ಯಾರಲ್ಲಿದ್ದಾಳೆ ಎಂದು ಅವನು ಎಂದೂ ತಡವರಿಸುವುದಿಲ್ಲ. ನಿಜವಾದ ಮೇಜಿನಲ್ಲಿ ತಡವರಿಸುತ್ತಾನೆ, ನಾವು ರಾಣಿಯ ಕೆಳಗಿನಿಂದ ಎಲೆ ಇಳಿಸಿದರೆ ಅವನ ತೊಡಕನ್ನು ನಾವೇ ಬಿಡಿಸಿಕೊಟ್ಟಂತೆ. ಆ ನಷ್ಟ ಯಂತ್ರದ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಜೊತೆಗೆ, ಯಾವ ಹಂಚಿಕೆಗಳು ಈ ಹರಾಜಿಗೆ ಹೊಂದುತ್ತವೆ ಎಂದು ಯಂತ್ರಕ್ಕೆ ಹೇಳಿಕೊಡಬೇಕಾದವರು ಮನುಷ್ಯರೇ. ಈ ಎದುರಾಳಿ 14 ಅಂಕವಿದ್ದರೂ ಒಂದು ನೋಟ್ರಂಪ್ ಕೂಗುವ ಧೈರ್ಯಸ್ಥನೋ ಅಲ್ಲವೋ ಎಂಬ ತೀರ್ಮಾನ ಅದರೊಳಗೆ ಅಡಗಿದೆ. 2022ರಲ್ಲಿ ಪ್ಯಾರಿಸ್ಸಿನಲ್ಲಿ ನೂಕ್ ಎಂಬ ಕೃತಕ ಬುದ್ಧಿಮತ್ತೆ ಎಂಟು ವಿಶ್ವ ಚಾಂಪಿಯನ್ನರನ್ನು ಸೋಲಿಸಿದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿ ಪರೀಕ್ಷೆ ನಡೆದದ್ದು ಡಿಕ್ಲೇರರನ ಆಟದಲ್ಲಿ ಮಾತ್ರ. ಹರಾಜೂ ಮೊದಲ ಎಲೆಯೂ ಸ್ಪರ್ಧೆಯ ಹೊರಗೇ ಉಳಿದಿದ್ದವು.

ಕಳ್ಳರ ಸಾಕ್ಷಿಯನ್ನೂ ಕೇಳಬೇಕು. 2015ರಲ್ಲಿ ಇಸ್ರೇಲಿನ ಪ್ರಸಿದ್ಧ ಜೋಡಿಯೊಂದರ ಮೇಲೆ ಮೋಸದ ಆರೋಪ ಬಂತು; ಆಟದ ವಿಡಿಯೊಗಳನ್ನು ಹಲವರು ಕೂಡಿ ಪರಿಶೀಲಿಸಿದರು. ಎಲೆಗಳ ಬೋರ್ಡನ್ನು ಮೇಜಿನ ಮೇಲೆ ಯಾವ ಜಾಗದಲ್ಲಿ ಇಡುತ್ತಾರೆ ಎಂಬುದೇ ಸಂಕೇತವಾಗಿತ್ತು, ಅದು ಹೇಳುತ್ತಿದ್ದದ್ದು ಮೊದಲು ಯಾವ ಜಾತಿ ಇಳಿಸಬೇಕು ಎಂಬುದನ್ನು. ಯುರೋಪಿಯನ್ ಬ್ರಿಜ್ ಲೀಗ್ 2016ರಲ್ಲಿ ಅವರಿಬ್ಬರಿಗೆ 5 ವರ್ಷದ ನಿಷೇಧ ಹೇರಿತು, ಮತ್ತೆಂದೂ ಜೊತೆಯಾಗಿ ಆಡಬಾರದೆಂದಿತು. ವಿಶ್ವಮಟ್ಟದ ಆಟಗಾರರು ಜೀವಮಾನದ ಹೆಸರನ್ನು ಒತ್ತೆಯಿಟ್ಟು ಕದಿಯಲು ಹೊರಟದ್ದು ಎರಡು ಬಿಟ್‌ಗಳಷ್ಟು ಮಾಹಿತಿಯನ್ನು, ನಾಲ್ಕು ಜಾತಿಗಳಲ್ಲಿ ಒಂದನ್ನು. ಎಲ್ಲಿ ಕತ್ತಲೆ ಹೆಚ್ಚೋ ಅಲ್ಲಿ ಸಣ್ಣ ದೀಪಕ್ಕೂ ಎಷ್ಟು ಬೆಲೆ ಎಂಬುದನ್ನು ಅವರು ನ್ಯಾಯಾಧೀಶರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ನ್ಯಾಯವಾಗಿ ಆಡುವವನು ಅದೇ ಮಾಹಿತಿಯ ಒಂದು ಪಾಲನ್ನು ಹರಾಜಿನಿಂದ ದುಡಿದು ಪಡೆಯುತ್ತಾನೆ.

ಇಲ್ಲಿಗೆ ಕೋರ್ಟಿನ ಮಾತಿಗೆ ಮರಳಬಹುದು. ಕೌಶಲ ಯಾವುದು, ಜೂಜು ಯಾವುದು ಎಂಬುದರ ಮೇಲೆ ನಮ್ಮ ದೇಶದ ದೊಡ್ಡ ತೀರ್ಪುಗಳಲ್ಲೊಂದು, 1957ರ ಚಮಾರ್‌ಬಾಗ್‌ವಾಲಾ ಪ್ರಕರಣ, ಶುರುವಾದದ್ದು ಬೆಂಗಳೂರಿನಿಂದ. ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾದ ಕಂಪನಿಯೊಂದು ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಬಹುಮಾನದ ಪದಬಂಧ ನಡೆಸುತ್ತಿತ್ತು, ಅದು ಮುಂಬೈ ಪ್ರಾಂತ್ಯದಲ್ಲೂ ಮಾರಾಟವಾಗುತ್ತಿತ್ತು. ಮುಂಬೈ ಸರ್ಕಾರ ತೆರಿಗೆ ಹಾಕಹೋದಾಗ ಜಗಳ ಹುಟ್ಟಿತು. (ಆಗ ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಮುಂಬೈಗೇ ಸೇರಿದ್ದವು, ಅಂದರೆ ಆ ಕಾನೂನು ನಮ್ಮ ಕಡೆಯ ಪದಬಂಧ ಪ್ರಿಯರ ಮೇಲೂ ಇತ್ತು.) ಆ ಪದಬಂಧದಲ್ಲಿ ಒಂದೊಂದು ಸುಳಿವಿಗೆ ಹೊಂದುವ ಪದಗಳು ಒಂದಕ್ಕಿಂತ ಹೆಚ್ಚಿರುತ್ತಿದ್ದವು, ಮೊದಲೇ ಮೊಹರು ಹಾಕಿಟ್ಟ ಉತ್ತರಕ್ಕೆ ತಾಳೆಯಾದವನು ಗೆದ್ದ. ಸುಪ್ರೀಂ ಕೋರ್ಟ್ ಅದನ್ನು ಜೂಜೆಂದಿತು. ಮೇಲ್ನೋಟಕ್ಕೆ ಮೊದಲ ಎಲೆಯೂ ಹೀಗೇ ಅಲ್ಲವೇ? ಹೊಂದುವ ಎಲೆಗಳು ಎರಡು ಮೂರು, ಹಂಚಿಕೆಯೆಂಬ ಮೊಹರಿನೊಳಗೆ ಸರಿಯುತ್ತರ ಒಂದು. ವ್ಯತ್ಯಾಸ ಇರುವುದು ಮೊಹರಿನತ್ತ ಹೋಗುವ ದಾರಿಯಲ್ಲಿ. ಸಮನಾಗಿ ಹೊಂದುವ ಎರಡು ಪದಗಳಲ್ಲಿ ಸಂಪಾದಕ ಯಾವುದನ್ನು ಆರಿಸಿದ್ದಾನೆ ಎಂಬುದಕ್ಕೆ ಯಾವ ತರ್ಕವೂ ಹತ್ತಿರ ಒಯ್ಯುವುದಿಲ್ಲ. ಹಂಚಿಕೆಯತ್ತ ಹರಾಜು ಒಯ್ಯುತ್ತದೆ, ಪೂರ್ತಿ ಅಲ್ಲದಿದ್ದರೂ ಅಳೆಯಬಹುದಾದಷ್ಟು. ಅನಿಶ್ಚಯ ಇದೆಯೋ ಇಲ್ಲವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಯೋಚನೆಯಿಂದ ಅದು ಕಡಿಮೆಯಾಗುತ್ತದೆಯೇ ಎಂದು ಕೇಳಬೇಕು.

ಆ ದೃಷ್ಟಿಯಿಂದ 1967ರ ಹೋಲಿಕೆ ಅರ್ಧ ಸರಿ. ರಮ್ಮಿಯಲ್ಲೂ ಬ್ರಿಜ್ಜಿನಲ್ಲೂ ಎಲೆ ಕಲೆಸಿ ಹಂಚುವಾಗಿನ ಅದೃಷ್ಟ ಒಂದೇ ಬಗೆಯದು, ಒಪ್ಪಿದೆ. ಆದರೆ ಬ್ರಿಜ್ ಆ ಅದೃಷ್ಟವನ್ನು ಹಾಗೇ ಬಿಡಲಿಲ್ಲ. 1857ರಲ್ಲಿ ಲಂಡನ್ನಿನಲ್ಲಿ, ಬ್ರಿಜ್ಜಿನ ತಾಯಿಯಾದ ವಿಸ್ಟ್ ಆಟದಲ್ಲಿ, ಹೆನ್ರಿ ಜೋನ್ಸ್ ಎಂಬಾತ ಒಂದೇ ಹಂಚಿಕೆಯನ್ನು ಬೇರೆಬೇರೆ ಆಟಗಾರರಿಂದ ಆಡಿಸಿ ನೋಡಿದ. ಡೂಪ್ಲಿಕೇಟ್ ಪದ್ಧತಿ ಬೆಳೆದದ್ದು ಹಾಗೆ. ಇವತ್ತಿನ ಎಲ್ಲ ದೊಡ್ಡ ಸ್ಪರ್ಧೆಗಳಲ್ಲೂ ನನಗೆ ಬಂದ 13 ಎಲೆ ಬೇರೆ ಮೇಜಿನಲ್ಲಿ ನನ್ನ ಜಾಗದಲ್ಲಿ ಕೂತವನಿಗೂ ಬರುತ್ತದೆ, ಅವನಿಗಿಂತ ನಾನು ಹೇಗೆ ಆಡಿದೆ ಎಂಬುದಷ್ಟೇ ಅಂಕ. ಬಡ ಕೈ ಬಂದರೆ ಎಲ್ಲರಿಗೂ ಬಡ ಕೈಯೇ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದದ್ದು ಈ ಪದ್ಧತಿಯಲ್ಲಿ. ಹಣ ಕಟ್ಟಿ ಆಡುವ ಮಾಮೂಲಿ ರಮ್ಮಿಯಲ್ಲಿ ಇಂಥ ಏರ್ಪಾಡಿಲ್ಲ, ಒಳ್ಳೆಯ ಎಲೆ ಬಂದವನ ಅದೃಷ್ಟ ಅವನಿಗೇ. ಅಲ್ಲೂ ಕೌಶಲವಿದೆ, ಆದರೆ ಅದು ಮೇಲೆದ್ದು ಕಾಣಲು ನೂರಾರು ಆಟ ಬೇಕು, ಅಷ್ಟರಲ್ಲಿ ಜೇಬು ಖಾಲಿಯಾಗಿರುತ್ತದೆ. ಇದೇ ಮಾತು ಒಂದೊಂದೇ ಮೇಜಿನಲ್ಲಿ ಆಡುವ ರಬ್ಬರ್ ಬ್ರಿಜ್ಜಿಗೂ ಅನ್ವಯಿಸುತ್ತದೆ ಎಂಬುದನ್ನು ಬ್ರಿಜ್ ಅಭಿಮಾನಿಗಳು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಯ ಆಕ್ಷೇಪ ಹಣದ್ದು. ಕೌಶಲದ ಆಟ ಎಂದು ಒಮ್ಮೆ ಒಪ್ಪಿದರೆ ಅದರ ಮೇಲೆ ಹಣ ಕಟ್ಟುವುದನ್ನೂ ಒಪ್ಪಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಟ್ಟುವವರ ವಕೀಲರೂ ಅದನ್ನೇ ಹೇಳುತ್ತಾರೆ, ತಿರುಗುಮುರುಗಾಗಿ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗಂಟನ್ನು ಕತ್ತರಿಸಿಯೇ ಬಿಟ್ಟಿತು: ಆನ್‌ಲೈನಿನಲ್ಲಿ ಹಣ ಪಣಕ್ಕಿಟ್ಟು ಆಡಿಸುವ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ನಿಷಿದ್ಧ. ಹಾನಿಯನ್ನು ತಡೆಯುವ ಉದ್ದೇಶಕ್ಕೆ ಇದು ನೇರ ದಾರಿ ಎಂದೇ ನನಗನಿಸುತ್ತದೆ. ಸಾಲದಲ್ಲಿ ಮುಳುಗಿದ ಮನೆಗೆ, ಮಗ ಕಳೆದುಕೊಂಡದ್ದು ಕೌಶಲದ ಆಟದಲ್ಲಿ ಎಂಬುದು ಸಮಾಧಾನ ಕೊಡುವ ಸಂಗತಿಯಲ್ಲ. ಆದರೆ ಹಾನಿಯ ಪ್ರಶ್ನೆ ಬೇರೆ, ಕೌಶಲದ ಪ್ರಶ್ನೆ ಬೇರೆ. ಅರವತ್ತು ವರ್ಷ ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದ ಎರಡಕ್ಕೂ ಸರಿಯಾದ ಉತ್ತರ ಸಿಗಲಿಲ್ಲ. ಕೌಶಲದ ಪ್ರಶ್ನೆ ಬಂದಾಗ ಆಟದ ಹೆಸರನ್ನು ಕೇಳಿ ತೀರ್ಪು ಕೊಡುವುದು ಸಾಲದು, ಅದನ್ನು ಆಡಿಸಿದ ಬಗೆಯನ್ನು ಕೇಳಬೇಕು: ಎಲೆ ಇಳಿಸುವ ಮೊದಲು ತರ್ಕಕ್ಕೆ ಆಧಾರ ಸಿಕ್ಕಿತ್ತೇ, ಒಂದೇ ಕೈಯನ್ನು ಬೇರೆಯವರೂ ಆಡಿದರೇ, ಸಾಕಷ್ಟು ಸಲ ಆಡಿಸಿ ಲೆಕ್ಕ ಹಾಕಿದರೇ? ಈ ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಡಮ್ಮಿ ಬಿಚ್ಚುವ ಮುನ್ನ ಇಳಿಸುವ ಎಲೆಯೂ ಪರೀಕ್ಷೆಯ ಉತ್ತರಪತ್ರಿಕೆಯಷ್ಟೇ ನ್ಯಾಯವಾದದ್ದು. ಸಂಜೆ ಕ್ಲಬ್ಬಿನಲ್ಲಿ ಮೇಜಿನ ಮೇಲೆ ನೋಟುಗಳನ್ನಿಟ್ಟು ಎರಡು ರಬ್ಬರ್ ಮುಗಿಸಿ ಎದ್ದುಹೋಗುವ ನಾಲ್ವರು ಆಡುತ್ತಿರುವುದು ಬ್ರಿಜ್ಜೇ, ಅದರಲ್ಲಿ ಅನುಮಾನವಿಲ್ಲ; ಜಕಾರ್ತಾದಲ್ಲಿ ಆಡಿದ ಆಟಕ್ಕೆ ಸಲ್ಲುವ ವಿನಾಯಿತಿಯನ್ನು ಅವರು ಎರವಲು ಪಡೆಯುವುದನ್ನು ಮಾತ್ರ ನಾನು ಒಪ್ಪಲಾರೆ.